ಇನ್ನರ್ ಸರ್ಕಲ್ಲಿನ ಆಚೆಯ ವೈಟ್‌ಫೀಲ್ಡ್

1881ರ ಮಾರ್ಚ್ 25ರಂದು ಮೈಸೂರು ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂತು. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳು ಆಳಿದ್ದ ನಾಡು ಅದು. ಅಧಿಕಾರ ವಹಿಸಿಕೊಂಡ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಆಗ ಹದಿನೆಂಟು ವರ್ಷ. ಪಕ್ಕದಲ್ಲಿ ದಿವಾನ್ ಸಿ. ರಂಗಾಚಾರ್ಲು. ಇಬ್ಬರ ಪಾಲಿಗೆ ಬಂದದ್ದು ಬರದಲ್ಲಿ ಬೆಂದುಹೋಗಿದ್ದ ಸಂಸ್ಥಾನ. ಧಾತು-ಈಶ್ವರ ಸಂವತ್ಸರಗಳ ಬರ ಊರೂರನ್ನೇ ಬರಿದು ಮಾಡಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಒಳಗೆ ಇಳಿದಿತ್ತು. ಉಳುವವರಿಲ್ಲದ ಹೊಲ ಬೀಳು ಬಿದ್ದರೆ ಕಂದಾಯವೂ ಬೀಳುತ್ತದೆ. ಭೂಮಿ ಕೊಟ್ಟರೆ ಬಂದು ದುಡಿಯುತ್ತೇವೆ ಎನ್ನುವವರು ಆಗ ಸರ್ಕಾರಕ್ಕೆ ಬೇಕಾಗಿದ್ದರು.

ಮರುವರ್ಷವೇ, 1882ರಲ್ಲಿ, ಮಹಾರಾಜರು ಬೆಂಗಳೂರಿನ ಪೂರ್ವಕ್ಕೆ, ಕಾಡುಗೋಡಿಯ ಸುತ್ತಿನಲ್ಲಿ 3,900 ಎಕರೆ ಭೂಮಿಯನ್ನು ಒಂದು ಸಂಘಕ್ಕೆ ಕೊಟ್ಟರು. ಅದು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘ. ಇಂದಿನ ವೈಟ್‌ಫೀಲ್ಡ್ ಹುಟ್ಟಿದ್ದು ಹೀಗೆ. ಬೆಂಗಳೂರಿನ ಐಟಿ ಕಥೆ ಹೇಳುವವರು ಈ ಸಂಗತಿಯನ್ನು ಒಂದು ಸಾಲಿನಲ್ಲಿ ಮುಗಿಸಿ ಕಂಪನಿಗಳ ಕಡೆಗೆ ಓಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಈ ಊರಿನ ಇಂದಿನ ಪಾಡಿನ ಬಹುಪಾಲು 1882ರ ಆ ನಕ್ಷೆಯಲ್ಲೇ ಇತ್ತು.

ಸಂಘ ಕಟ್ಟಿದವರ ನೋವು ಸಣ್ಣದಾಗಿರಲಿಲ್ಲ. ಯೂರೋಪಿನ ಗಂಡಸರಿಗೂ ಈ ನೆಲದ ಹೆಂಗಸರಿಗೂ ಹುಟ್ಟಿದ ಮಕ್ಕಳು, ಅವರ ಮಕ್ಕಳು, ಒಂದು ಕಾಲಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಬಲಗೈಯಾಗಿದ್ದವರು. 1786ರಿಂದ 1795ರೊಳಗೆ ಕಂಪನಿಯೇ ಒಂದರ ಹಿಂದೊಂದು ಆಜ್ಞೆ ಹೊರಡಿಸಿ ಅವರನ್ನು ದೊಡ್ಡ ಹುದ್ದೆಗಳಿಂದ ಹೊರಗಿಟ್ಟಿತು. ಸೈನ್ಯದಲ್ಲಿ ಅವರಿಗೆ ಉಳಿದದ್ದು ತಮಟೆ, ಕೊಳಲು ನುಡಿಸುವ, ಕುದುರೆಗೆ ಲಾಳ ಕಟ್ಟುವ ಕೆಲಸ. 1830ರಲ್ಲಿ ಜಾನ್ ರಿಕೆಟ್ಸ್ ಎಂಬಾತ ಲಂಡನ್ನಿನ ಸಂಸತ್ತಿನವರೆಗೆ ಅರ್ಜಿ ಹೊತ್ತುಕೊಂಡು ಹೋದ. ಆಮೇಲೆ ರೈಲು, ತಂತಿ, ಸುಂಕದ ಕಚೇರಿಗಳಲ್ಲಿ ಗುಮಾಸ್ತಿಕೆ ಸಿಕ್ಕಿತು. ಇಂಗ್ಲಿಷ್ ಕಲಿತ ಹಿಂದೂಸ್ಥಾನಿ ಪದವೀಧರರು ಹೆಚ್ಚಿದಂತೆ ಆ ಕುರ್ಚಿಗಳಿಗೂ ಪೈಪೋಟಿ ಬಂತು. ಇಂಗ್ಲಿಷರಿಗೆ ಅವರು ನಮ್ಮವರಲ್ಲ, ಊರಿನವರಿಗೂ ನಮ್ಮವರಲ್ಲ.

ಮದ್ರಾಸಿನ ಡೇವಿಡ್ ಎಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್ ತನ್ನ ಜನರಿಗೆ ಹೇಳಿದ್ದು ಒಂದೇ ಮಾತು: ನೌಕರಿಯ ಆಸೆ ಬಿಡಿ, ನೆಲ ಹಿಡಿಯಿರಿ. ಮೊದಲು ದಕ್ಷಿಣ ಭಾರತದ ಮಟ್ಟದಲ್ಲಿ ಸಂಘ ಕಟ್ಟಿ, ಮೈಸೂರಿನಲ್ಲಿ ಹಳ್ಳಿಗಳನ್ನು ಸ್ಥಾಪಿಸುವ ಯೋಜನೆ ಹಾಕಿ, ಅದಕ್ಕೊಂದು ಕೈಪಿಡಿಯನ್ನೂ ಬರೆದರು. ಊರಿಗೆ ಅವರದೇ ಹೆಸರು ನಿಂತಿತು. ಪಕ್ಕದಲ್ಲಿ ಸಾಸ್ಮಂಡ್ ಎಂಬ ಇನ್ನೊಂದು ವಸತಿಯೂ ಎದ್ದಿತು.

ವೈಟ್ ಬಯಸಿದ ಹಳ್ಳಿಯ ಆಕಾರ ವೃತ್ತ. ನಡುವೆ ಬಯಲು, ಬಯಲನ್ನು ಸುತ್ತಿ ರಸ್ತೆ, ರಸ್ತೆಗೆ ಮುಖ ಮಾಡಿ ತೋಟದ ಮನೆಗಳು, ಅವುಗಳ ಹಿಂದೆ ಇನ್ನೊಂದು ಸುತ್ತು, ಅದರಾಚೆ ಸಾಗುವಳಿಯ ಜಮೀನು. ಇನ್ನರ್ ಸರ್ಕಲ್ ಎಂದು ಇವತ್ತಿಗೂ ಕರೆಯುವುದು ಆ ಒಳಸುತ್ತನ್ನೇ. ಅಲ್ಲಿ ನಿಂತರೆ ಬೆಂಗಳೂರಿನ ಬೇರೆ ಬಡಾವಣೆಗಳ ಚೌಕ ಲೆಕ್ಕ ತಪ್ಪುತ್ತದೆ. ರಸ್ತೆ ಬಾಗುತ್ತಲೇ ಹೋಗಿ ಹೊರಟಲ್ಲಿಗೇ ತಂದು ಬಿಡುತ್ತದೆ. ಉಳಿದಿರುವ ಕೆಲವು ಹಳೆಯ ಮನೆಗಳಿಗೆ ಇಳಿಜಾರು ಹೆಂಚಿನ ಮಾಡು, ಮುಂದೆ ಅಗಲದ ವರಾಂಡ, ಗೇಟಿನಿಂದ ಬಾಗಿಲಿಗೆ ನಡೆದು ಹೋಗಬೇಕಾದಷ್ಟು ದೂರ. ಪ್ರತಿಯೊಂದು ಮನೆಯ ಮುಖವೂ ನಡುವಿನ ಬಯಲಿಗೆ. ಬೆನ್ನು ಕಾಡುಗೋಡಿಗೆ, ಹಗದೂರಿಗೆ, ಇಮ್ಮಡಿಹಳ್ಳಿಗೆ, ನಲ್ಲೂರಹಳ್ಳಿಗೆ.

ಆ ಹಳ್ಳಿಗಳು ನೂರಾರು ವರ್ಷಗಳಿಂದ ಅಲ್ಲೇ ಇದ್ದವು. ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುವ ಚೋಳರ ಕಾಲದ ತಮಿಳು ಶಾಸನ ಕಾಡುಗೋಡಿಯ ಸೀಮೆಯಲ್ಲಿದೆ. ಅದು ಹನ್ನೊಂದನೆಯ ಶತಮಾನದ್ದು. ಹೊಸಕೋಟೆಯ ಕಡೆಯ ಮನೆಗಳಲ್ಲಿ ಕನ್ನಡದ ಜೊತೆ ತೆಲುಗೂ ಉಂಟು, ತಮಿಳೂ ಉಂಟು. ಹೊರಗಿನವರು ಬಂದು ನೆಲೆಸುವುದು ಈ ಸೀಮೆಗೆ ಹೊಸದಲ್ಲ. ಬಂದವರು ಅಲ್ಲಿದ್ದವರ ಕೆರೆಗೂ ಸಂತೆಗೂ ಸೇರದೆ ತಮ್ಮ ಸುತ್ತ ಗೆರೆ ಎಳೆದುಕೊಂಡು ಇರುವ ವ್ಯವಸ್ಥೆ ಮಾತ್ರ 1882ರಲ್ಲಿ ಹೊಸದು.

ಸಂಸ್ಥಾನ ಅದೇ ಹೊತ್ತಿಗೆ ಇನ್ನೊಂದು ಪ್ರಯೋಗಕ್ಕೂ ಕೈಹಾಕಿತ್ತು. 1881ರ ದಸರೆಯಲ್ಲಿ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಮೊದಲ ಸಭೆಗೆ ಬಂದವರು 144 ಜನ, ಭೂಮಿಯುಳ್ಳ ರೈತರು ಮತ್ತು ವರ್ತಕರು. ದೇಶೀ ಸಂಸ್ಥಾನವೊಂದು ಪ್ರಜೆಗಳನ್ನು ಕೂರಿಸಿ ಕೇಳಿದ್ದು ಆ ಕಾಲಕ್ಕೆ ದೊಡ್ಡದೇ. ಆದರೆ ಸಂಘ ಕಟ್ಟಿಕೊಂಡು ಅರ್ಜಿ ಬರೆಯಬಲ್ಲವರಿಗೆ ಭೂಮಿ ಸಿಕ್ಕಿತು, ಭೂಮಿ ಇದ್ದವರಿಗೆ ಸಭೆಯಲ್ಲಿ ಜಾಗ ಸಿಕ್ಕಿತು. ಅಂಗೈಯಗಲ ನೆಲವೂ ಇಲ್ಲದೆ ಕಾಡುಗೋಡಿಯ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಎರಡರಲ್ಲೂ ಪಾಲಿರಲಿಲ್ಲ. ಯುರೇಷಿಯನ್ನರ ತೋಟಗಳಲ್ಲಿ ಗುದ್ದಲಿ ಹಿಡಿಯಲು ಕರೆಸಿಕೊಂಡದ್ದು ಇಂಥವರನ್ನೇ.

ಬೇಸಾಯ ನಡೆಯಲಿಲ್ಲ. ಇದು ಮಳೆಯನ್ನೇ ನಂಬಿದ ರಾಗಿಯ ನೆಲ, ವರ್ಷವಿಡೀ ಹರಿಯುವ ಹೊಳೆ ಇಲ್ಲ, ಬಾವಿ ತೋಡದೆ ತೋಟ ಏಳದು. ಲೆಡ್ಜರ್ ಬರೆದು ಬಂದ ಕೈಗೆ ಮುಂಗಾರಿನ ಹದ ಗೊತ್ತಿರಲಿಲ್ಲ. ಗೊತ್ತಿದ್ದವರು ಪಕ್ಕದ ಊರಿನಲ್ಲೇ ಇದ್ದರು, ಆದರೆ ಅವರನ್ನು ಕೂಲಿಗೆ ಕರೆದದ್ದೇ ಹೊರತು ಸಲಹೆಗೆ ಕರೆಯಲಿಲ್ಲ. ಸಂಘದ ಕಟ್ಟಳೆಯಲ್ಲಿ ಅವರಿಗೆ ಸದಸ್ಯತ್ವವೂ ಇರಲಿಲ್ಲ. 1889ರಲ್ಲಿ ವೈಟ್ ತೀರಿಕೊಂಡರು. ರೈತರ ಹಳ್ಳಿಯಾಗಬೇಕಿದ್ದದ್ದು ನಿಧಾನವಾಗಿ ಪಿಂಚಣಿದಾರರ ಊರಾಯಿತು. ರೈಲ್ವೆಯಿಂದ, ತಂತಿ ಇಲಾಖೆಯಿಂದ, ಕೋಲಾರದ ಚಿನ್ನದ ಗಣಿಯಿಂದ ನಿವೃತ್ತರಾದವರು ಇಲ್ಲಿ ಬಂದು ಗುಲಾಬಿ ಬೆಳೆಸಿದರು, ಚರ್ಚ್ ಕಟ್ಟಿದರು, ಕ್ರಿಸ್ಮಸ್ಸಿಗೆ ಕೂಡಿ ಕುಣಿದರು. ಹ್ಯಾಮಿಲ್ಟನ್ ಎಂಬವರ ವೇವರ್ಲಿ ಇನ್ ಎಂಬ ವಸತಿಗೃಹಕ್ಕೆ, ಬೆಂಗಳೂರಿನ ದಂಡಿನಲ್ಲಿದ್ದ ಯುವಕ ವಿನ್‌ಸ್ಟನ್ ಚರ್ಚಿಲ್ ಬಂದು ಹೋಗುತ್ತಿದ್ದ, ಮಾಲೀಕನ ಮಗಳಲ್ಲಿ ಮನಸ್ಸಿಟ್ಟಿದ್ದ ಎಂಬ ದಂತಕಥೆ ಊರಿನಲ್ಲಿ ಓಡಾಡುತ್ತದೆ. ಚರ್ಚಿಲ್ 1896ರಲ್ಲಿ ಬೆಂಗಳೂರಿಗೆ ಬಂದದ್ದಷ್ಟೇ ಖಚಿತ. ವೈಟ್‌ಫೀಲ್ಡಿನ ಚರಿತ್ರೆಯೆಂದರೆ ಈ ಕಥೆಯೇ ಎನ್ನುವಂತೆ ಅದನ್ನು ಮತ್ತೆ ಮತ್ತೆ ಹೇಳುವವರು ಅದೇ ತೋಟಕ್ಕೆ ನೀರು ಹೊತ್ತವರನ್ನು ಮರೆತುಬಿಡುತ್ತಾರೆ.

ಬೇಸಾಯದ ವಸತಿಯ ಕನಸು ಸೋತದ್ದು ಇಲ್ಲೊಂದೇ ಕಡೆಯಲ್ಲ. ಅರ್ಧ ಶತಮಾನದ ಮೇಲೆ, 1933ರಲ್ಲಿ, ಅರ್ನೆಸ್ಟ್ ತಿಮೋತಿ ಮೆಕ್ಲಸ್ಕಿ ಇಂದಿನ ಜಾರ್ಖಂಡದಲ್ಲಿ ಮೆಕ್ಲಸ್ಕಿಗಂಜ್ ಸ್ಥಾಪಿಸಿದರು. ಅದೇ ಸಮುದಾಯ, ಅದೇ ಆಸೆ, ಹೆಚ್ಚುಕಡಿಮೆ ಅದೇ ಫಲ. ವೈಟ್ ಮತ್ತು ಮೆಕ್ಲಸ್ಕಿಯವರ ಪ್ರಾಮಾಣಿಕತೆಯಲ್ಲಿ ನನಗೆ ಅನುಮಾನವಿಲ್ಲ. ತಳ್ಳಿಸಿಕೊಂಡವರು ತಮಗಾಗಿ ಒಂದು ಊರು ಬೇಕೆಂದು ಬಯಸಿದ್ದು ತಪ್ಪಲ್ಲ. ಆದರೆ ತಳ್ಳಿದ ಸಮಾಜ ಕಲಿಸಿದ್ದ ಗೆರೆಯನ್ನೇ ಅವರೂ ನೆಲದ ಮೇಲೆ ಎಳೆದರು.

ಸ್ವಾತಂತ್ರ್ಯ ಬಂದಾಗ ಸಂವಿಧಾನ ಆಂಗ್ಲೋ ಇಂಡಿಯನ್ನರನ್ನು ಕೈಬಿಡಲಿಲ್ಲ. 366ನೆಯ ವಿಧಿಯಲ್ಲಿ ಅವರು ಯಾರೆಂಬ ವ್ಯಾಖ್ಯೆ ಬಂತು, ರೈಲ್ವೆ, ಸುಂಕ, ಅಂಚೆ-ತಂತಿ ಇಲಾಖೆಗಳಲ್ಲಿ ಹತ್ತು ವರ್ಷದ ಮೀಸಲಾತಿ ಬಂತು, ಲೋಕಸಭೆಗೂ ವಿಧಾನಸಭೆಗಳಿಗೂ ನಾಮಕರಣ ಬಂತು. ಹತ್ತು ವರ್ಷ ಮುಗಿಯುವಷ್ಟರಲ್ಲಿ ಅನೇಕರು ಹಡಗು ಹತ್ತಿದ್ದರು. ಮೊದಲು ಇಂಗ್ಲೆಂಡ್, ಆಮೇಲೆ ಕೆನಡಾ, ಬಿಳಿಯರಿಗಷ್ಟೇ ಎಂಬ ನೀತಿ ಸಡಿಲವಾದ ಮೇಲೆ ಆಸ್ಟ್ರೇಲಿಯಾ. ಇನ್ನರ್ ಸರ್ಕಲ್ಲಿನ ಮನೆಗಳು ಒಂದೊಂದಾಗಿ ಬೇರೆಯವರ ಪಾಲಾದವು. ಉಳಿದವರು ಕನ್ನಡ, ತಮಿಳು ಮಾತಾಡಿಕೊಂಡು ಊರಿನವರೇ ಆದರು. 2019ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ, ದೇಶದಲ್ಲಿ 2011ರ ಗಣತಿಯ ಪ್ರಕಾರ ಆಂಗ್ಲೋ ಇಂಡಿಯನ್ನರು ಬರೀ 296 ಮಂದಿ ಎಂದು ಸಂಸತ್ತಿಗೆ ಹೇಳಿತು. ಸಮುದಾಯದವರು ಈ ಲೆಕ್ಕವನ್ನು ಒಪ್ಪಲಿಲ್ಲ. 104ನೆಯ ತಿದ್ದುಪಡಿ ಆ ನಾಮಕರಣವನ್ನು 2020ರ ಜನವರಿಗೆ ನಿಲ್ಲಿಸಿತು. ಒಂದು ಜನ ಇದ್ದಾರೋ ಇಲ್ಲವೋ ಎಂಬುದನ್ನು ಗಣತಿಯ ಫಾರಮಿನ ಒಂದು ಖಾನೆ ತೀರ್ಮಾನಿಸಿತು.

ನಡುವಿನ ದಶಕಗಳಲ್ಲಿ ವೈಟ್‌ಫೀಲ್ಡಿಗೆ ಬೇರೆ ಜನ ಬಂದರು. ಕಾಡುಗೋಡಿಯ ಬೃಂದಾವನ ಆಶ್ರಮಕ್ಕೆ ಸತ್ಯಸಾಯಿ ಬಾಬಾ ಅವರ ಭಕ್ತರು ದೇಶವಿದೇಶಗಳಿಂದ ಬರತೊಡಗಿದರು. 1969ರಲ್ಲಿ ಅಲ್ಲಿ ಕಾಲೇಜು ಶುರುವಾಯಿತು. 2001ರಲ್ಲಿ ಹಣ ಪಡೆಯದೆ ಹೃದಯದ, ಮಿದುಳಿನ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆ ತೆರೆಯಿತು. ಬಂಗಾಳದಿಂದ, ಒಡಿಶಾದಿಂದ, ಬಿಹಾರದಿಂದ ರೈಲು ಹತ್ತಿ ರೋಗಿಗಳು ಬಂದರು. ಹೊಸಬರನ್ನು ಕಂಡ ಅಂಗಡಿಯವರು ನಾಲ್ಕೈದು ಭಾಷೆ ಕಲಿತರು. ಸರ್ಕಾರದ ಯಾವ ಯೋಜನೆಯೂ ಹೇಳಿಕೊಡದೆ ನಡೆದ ಕಲಿಕೆ ಅದು.

ಆಮೇಲೆ ಬಂದದ್ದು ಐಟಿಪಿಎಲ್ ಎಂಬ ಟೆಕ್ ಪಾರ್ಕ್. 1992ರಲ್ಲಿ ಪ್ರಧಾನಿ ಪಿ.ವಿ. ನರಸಿಂಹರಾವ್ ಮತ್ತು ಸಿಂಗಪುರದ ಪ್ರಧಾನಿ ಗೋ ಚೋಕ್ ತಾಂಗ್ ನಡುವೆ ಮಾತು ಮೊಳೆತು, 1994ರಲ್ಲಿ ಸಿಂಗಪುರದ ಕಂಪನಿಗಳ ಕೂಟ, ಟಾಟಾ ಸಮೂಹ ಮತ್ತು ಕರ್ನಾಟಕ ಸರ್ಕಾರ ಸೇರಿ ಕಂಪನಿ ಕಟ್ಟಿದವು. ಸುಮಾರು 70 ಎಕರೆಯ ಆವರಣ. ಬೆಂಗಳೂರಿನಲ್ಲಿ ಕರೆಂಟು ಹೋಗುವುದೇ ವಾಡಿಕೆಯಾಗಿದ್ದ ದಿನಗಳಲ್ಲಿ ಅದಕ್ಕೆ ಸ್ವಂತ ವಿದ್ಯುತ್ ಸ್ಥಾವರ, ಸ್ವಂತ ದೂರಸಂಪರ್ಕ, ಸ್ವಂತ ನೀರಿನ ವ್ಯವಸ್ಥೆ. ಹೊರಗೆ ಏನೇ ಕೆಟ್ಟರೂ ಒಳಗೆ ಕೆಲಸ ನಿಲ್ಲಬಾರದು ಎಂಬುದೇ ಅದರ ಹೆಗ್ಗಳಿಕೆ. ಸುತ್ತಲಿನ ಇಪಿಐಪಿ ಕೈಗಾರಿಕಾ ಪ್ರದೇಶಕ್ಕೆ ಸರ್ಕಾರದ ಕೈಗಾರಿಕಾ ಮಂಡಳಿ ಕೆಐಎಡಿಬಿ ಜಮೀನು ವಶಪಡಿಸಿಕೊಂಡಿತು. ಪರಿಹಾರದ ಹಣದಲ್ಲಿ ಕೆಲವರು ಬಾಡಿಗೆ ಮನೆ ಕಟ್ಟಿ ಬದುಕು ಕಂಡುಕೊಂಡರು. ಇನ್ನು ಕೆಲವರ ಹಣ ಮದುವೆಗೆ, ಕಾರಿಗೆ, ಕೋರ್ಟಿಗೆ ಕರಗಿತು. ಜಮೀನು ಗೇಣಿಗೂ ಕೂಲಿಗೂ ಮಾಡುತ್ತಿದ್ದವರ ಹೆಸರು ಪಹಣಿಯಲ್ಲೇ ಇರಲಿಲ್ಲವಾದ್ದರಿಂದ ಅವರಿಗೆ ಪರಿಹಾರವೂ ಇರಲಿಲ್ಲ. ರಾಗಿ ಕೊಯ್ದಿದ್ದ ಹೊಲದ ಗೇಟಿನಲ್ಲಿ ಸೆಕ್ಯುರಿಟಿ ಸಮವಸ್ತ್ರ ಹಾಕಿ ನಿಂತವರು ಈ ಸೀಮೆಯಲ್ಲಿ ಒಬ್ಬಿಬ್ಬರಲ್ಲ.

ಇದನ್ನು 1882ರ ಪಕ್ಕದಲ್ಲಿಟ್ಟು ನೋಡಿ. ಆಗ ಸಂಘ, ಈಗ ಕಂಪನಿ. ಎರಡೂ ಸಲ ಸರ್ಕಾರ ಭೂಮಿ ಕೊಟ್ಟಿತು, ಎರಡೂ ಸಲ ಒಳಗಿರುವವರ ಬೇಕುಬೇಡಗಳನ್ನು ಸೂಕ್ಷ್ಮವಾಗಿ ಲೆಕ್ಕ ಹಾಕಿತು, ಎರಡೂ ಸಲ ಹೊರಗಿನ ಊರಿಗೆ ಆಡಳಿತ ಕೊಡುವುದನ್ನು ಮುಂದಕ್ಕೆ ಹಾಕಿತು. ಲಕ್ಷಾಂತರ ಜನ ದುಡಿಯಲು ಬರುತ್ತಿದ್ದ ಜಾಗವನ್ನು ಮೊದಲು ಗ್ರಾಮ ಪಂಚಾಯಿತಿಗಳು, ಆಮೇಲೆ ಮಹದೇವಪುರ ನಗರಸಭೆ ನೋಡಿಕೊಂಡವು. ಬೀದಿದೀಪ, ಚರಂಡಿ, ಖಾತೆಗಷ್ಟೇ ಅಳವಟ್ಟಿದ್ದ ಸಂಸ್ಥೆಗಳು ಅವು. 2007ರಲ್ಲಿ ಬೆಂಗಳೂರಿನ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಎಂಬ ದೊಡ್ಡ ಪಾಲಿಕೆ ಮಾಡಿದರು. ಚುನಾವಣೆ ಆದದ್ದು 2010ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಮತ್ತೆ ಅಧಿಕಾರಿಗಳ ಆಡಳಿತ. ಆ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತದ ನೀರು ಹರಿದದ್ದು 2024ರ ಅಕ್ಟೋಬರಿನಲ್ಲಿ, ಸೇರ್ಪಡೆಯಾಗಿ ಹದಿನೇಳು ವರ್ಷದ ಮೇಲೆ. ಅಲ್ಲಿಯವರೆಗೆ ಬೋರ್‌ವೆಲ್ಲು, ಟ್ಯಾಂಕರು.

ಆಡಳಿತ ಹಿಂದೆ ಬಿದ್ದದ್ದನ್ನು ಕಣ್ಣಾರೆ ಕಾಣಬೇಕಿದ್ದರೆ 2015ರ ವರ್ತೂರು ಕೋಡಿಗೆ ಹೋಗಬೇಕಿತ್ತು. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಜಾಗ ಅದು. ಕೆರೆ ಕೋಡಿ ಬಿದ್ದ ದಿನ ಹಿಂದೆ ಊರಿಗೆ ಸಂಭ್ರಮ. ಆ ವರ್ಷ ಕೋಡಿಯಲ್ಲಿ ಬಿದ್ದದ್ದು ಬಿಳಿ ನೊರೆ. ಬೆಂಗಳೂರಿನ ಒಳಗಿನ ಬಡಾವಣೆಗಳ ಚರಂಡಿ ನೀರು, ಅದರಲ್ಲಿದ್ದ ಸಾಬೂನಿನ ಪುಡಿ, ಬೆಳ್ಳಂದೂರು ಕೆರೆಗೆ ಬಂದು ಅಲ್ಲಿಂದ ವರ್ತೂರಿಗೆ ಇಳಿದು, ಕೋಡಿಯಲ್ಲಿ ಧುಮುಕುವಾಗ ಕಡೆದು ಆಳೆತ್ತರಕ್ಕೆ ಉಕ್ಕುತ್ತಿತ್ತು. ಗಾಳಿ ಬೀಸಿದರೆ ಗಡ್ಡೆಗಡ್ಡೆಯಾಗಿ ರಸ್ತೆಗೆ ಹಾರಿ ಬೈಕಿನವರ ಹೆಲ್ಮೆಟ್ಟಿಗೆ, ಬಸ್ಸಿನ ಗಾಜಿಗೆ ಅಂಟುತ್ತಿತ್ತು. ಮೈಗೆ ತಾಗಿದರೆ ತುರಿಕೆ, ಮೂಗಿಗೆ ನಾತ. ಆಡಳಿತ ಕಂಡುಕೊಂಡ ಮೊದಲ ಪರಿಹಾರ ರಸ್ತೆಯ ಬದಿಗೆ ಬಲೆ ಕಟ್ಟುವುದು. ವರ್ತೂರಿನ ಹಳೆಯ ರೈತರು ಇದೇ ಕೆರೆಯ ನೀರಿನಲ್ಲಿ ಭತ್ತ ಬೆಳೆದವರು. ಪಕ್ಕದ ಅಪಾರ್ಟ್‌ಮೆಂಟಿನವರು ಇದೇ ಕೆರೆಯ ನೋಟಕ್ಕೆಂದು ಹೆಚ್ಚು ಹಣ ಕೊಟ್ಟು ಮನೆ ಕೊಂಡವರು. ಇಬ್ಬರೂ ಒಂದೇ ಕಡೆ ನಿಂತು ಮೂಗು ಮುಚ್ಚಿಕೊಂಡರು. ಪ್ಲಕಾರ್ಡು ಹಿಡಿದು ಬೀದಿಗಿಳಿದ ನಿವಾಸಿಗಳ ಗುಂಪುಗಳಲ್ಲಿ ಸುತ್ತಲಿನ ಹಳ್ಳಿಯವರೂ ಸೇರಿದ ದಿನಗಳು ಈ ಊರಿನ ಒಳ್ಳೆಯ ದಿನಗಳು ಎಂದು ನಾನು ನಂಬುತ್ತೇನೆ.

ಭಾಷೆಯ ಪ್ರಶ್ನೆಯೂ ಇಲ್ಲೇ ಕಗ್ಗಂಟಾಗಿದೆ. ಸರೋಜಿನಿ ಮಹಿಷಿ ಸಮಿತಿ ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಬೇಕೆಂದು ಹೇಳಿದ್ದು 1980ರ ದಶಕದಲ್ಲಿ, ಸಾಫ್ಟ್‌ವೇರ್ ಕಂಪನಿಗಳ ಅಲೆ ಏಳುವ ಮುನ್ನ. 2024ರ ಜುಲೈನಲ್ಲಿ ಸಚಿವ ಸಂಪುಟ, ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಯನ್ನು ಒಪ್ಪಿ, ಉದ್ಯಮದವರ ವಿರೋಧ ಬರುತ್ತಲೇ ತಡೆಹಿಡಿಯಿತು. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂಬ ಕಾನೂನು ಬಂದಿದೆ, ಅದು ನ್ಯಾಯವೇ. ನೆಲ ಕೊಟ್ಟವರು ತಮ್ಮ ಊರಿನ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಮಾತಾಡಿ ಕೆಲಸ ಮಾಡಿಸಿಕೊಳ್ಳಲಾಗದಿದ್ದರೆ ಅದಕ್ಕಿಂತ ಅವಮಾನ ಬೇರಿಲ್ಲ. ಆದರೆ ಮೂರು ದಶಕದಲ್ಲಿ ಬಂದ ಲಕ್ಷಾಂತರ ಹೊಸಬರಿಗೆ ಕನ್ನಡ ಕಲಿಯುವ ದಾರಿಯನ್ನು ಸರ್ಕಾರವಾಗಲಿ ಕಂಪನಿಗಳಾಗಲಿ ದೊಡ್ಡ ಪ್ರಮಾಣದಲ್ಲಿ ಕಟ್ಟಲಿಲ್ಲ. ಇಂಗ್ಲಿಷಿನಲ್ಲಿ ಎಲ್ಲ ನಡೆಯುವ ಆವರಣ ಕಟ್ಟಿಕೊಟ್ಟು, ಆಮೇಲೆ ಅವರಿಗೆ ಕನ್ನಡ ಬರುವುದಿಲ್ಲವೆಂದು ಬೈದರೆ ಕನ್ನಡ ಬೆಳೆಯುವುದಿಲ್ಲ.

ಹೊಸಬರಲ್ಲೂ ಎಲ್ಲರೂ ಒಂದೇ ಬಗೆಯವರಲ್ಲ. 2020ರ ಜನವರಿಯಲ್ಲಿ ಮಹದೇವಪುರ ವಲಯದ ಕರಿಯಮ್ಮನ ಅಗ್ರಹಾರದಲ್ಲಿ, ಬಾಂಗ್ಲಾದೇಶಿಗಳೆಂಬ ಅನುಮಾನದ ಮೇಲೆ, ವಲಸೆ ಕಾರ್ಮಿಕರ ಶೆಡ್ಡುಗಳನ್ನು ಕೆಡವಲಾಯಿತು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದಿಂದ ಬಂದ ಕನ್ನಡಿಗರೂ ಇದ್ದರು. ಕೈಯಲ್ಲಿ ಆಧಾರ್, ವೋಟರ್ ಕಾರ್ಡ್ ಹಿಡಿದು ತೋರಿಸಿದರೂ ತಗಡು ಉಳಿಯಲಿಲ್ಲ. ಪ್ರಕರಣ ಹೈಕೋರ್ಟಿಗೆ ಹೋಯಿತು, ಈ ತೆರವು ಕಾನೂನಿಗೆ ಒಪ್ಪುವಂಥದ್ದಲ್ಲ ಎಂದು ನ್ಯಾಯಾಲಯ ಕಂಡಿತು. ಅಪಾರ್ಟ್‌ಮೆಂಟುಗಳ ಕಸ ಆಯುವವರು, ಮನೆಗೆಲಸದವರು, ಆ ಕಟ್ಟಡಗಳನ್ನೇ ಕಟ್ಟಿದವರು ಇಂಥ ಶೆಡ್ಡುಗಳಲ್ಲಿ ಇರುತ್ತಾರೆ. ಯಾವ ನಕ್ಷೆಯಲ್ಲೂ ಅವರ ವಿಳಾಸವಿಲ್ಲ.

ನಗರದ ಇನ್ನೊಂದು ಮೂಲೆಯ ಎಲೆಕ್ಟ್ರಾನಿಕ್ ಸಿಟಿ 2013ರಲ್ಲಿ ಬೇರೆ ದಾರಿ ಹಿಡಿಯಿತು. ಕೈಗಾರಿಕಾ ಟೌನ್‌ಶಿಪ್‌ಗೆ ಸಂವಿಧಾನದಲ್ಲಿರುವ ಅವಕಾಶವನ್ನು ಬಳಸಿ ಎಲ್ಸಿಟಾ ಎಂಬ ಪ್ರಾಧಿಕಾರ ಬಂತು. ತೆರಿಗೆ ಅದೇ ಸಂಗ್ರಹಿಸುತ್ತದೆ, ಒಂದು ಪಾಲನ್ನು ಪಂಚಾಯಿತಿಗಳಿಗೆ ಕೊಡುತ್ತದೆ. ಅಲ್ಲಿ ರಸ್ತೆ ಚೆನ್ನಾಗಿದೆ, ದೀಪ ಉರಿಯುತ್ತದೆ. ಜನ ಮತ ಹಾಕಿ ಆರಿಸಿದ ಕೌನ್ಸಿಲರ್ ಮಾತ್ರ ಇಲ್ಲ. ವೈಟ್‌ಫೀಲ್ಡಿಗೂ ಅಂಥದ್ದೇ ಬೇಕು ಎನ್ನುವವರ ಬೇಸರ ನನಗೆ ಅರ್ಥವಾಗುತ್ತದೆ, ಬೇಡಿಕೆಯನ್ನು ಒಪ್ಪಲಾರೆ. ಈ ಊರಿಗೆ ಇನ್ನೊಂದು ಒಳಸುತ್ತು ಬೇಕಿಲ್ಲ.

2023ರ ಮಾರ್ಚ್ 25ರಂದು ಮೆಟ್ರೋ ಬಂತು. ಕೊನೆಯ ನಿಲ್ದಾಣದ ಹೆಸರು ವೈಟ್‌ಫೀಲ್ಡ್, ಕಂಸದಲ್ಲಿ ಕಾಡುಗೋಡಿ. ಅಲ್ಲಿಂದ ಹೊರಟರೆ ಹೋಪ್ ಫಾರ್ಮ್ ಚನ್ನಸಂದ್ರ, ಪಟ್ಟಂದೂರು ಅಗ್ರಹಾರ, ಶ್ರೀ ಸತ್ಯಸಾಯಿ ಆಸ್ಪತ್ರೆ, ನಲ್ಲೂರಹಳ್ಳಿ, ಕುಂದಲಹಳ್ಳಿ, ಹೂಡಿ ಮೊದಲಾದ ನಿಲ್ದಾಣಗಳು. ಚೋಳರ ಕಾಲದ ಕೆರೆಯ ಊರು, ಇಂಗ್ಲಿಷ್ ಹೆಸರಿನ ಫಾರ್ಮು, ಆಸ್ಪತ್ರೆ, ಗೌಡರ ಹಳ್ಳಿ ಎಲ್ಲಕ್ಕೂ ಒಂದೇ ಟಿಕೆಟ್ ಸಾಲುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಮಹದೇವಪುರ, ಕೆ.ಆರ್. ಪುರ ಸೇರಿದ ಬೆಂಗಳೂರು ಪೂರ್ವ ನಗರ ಪಾಲಿಕೆ ಈಗ ವೈಟ್‌ಫೀಲ್ಡಿನದು. ಅದರ ಒಂದೊಂದು ವಾರ್ಡಿನಲ್ಲೂ ಹಳ್ಳಿಯ ಹಳೆಯ ಮನೆ, ಅದರ ಹಿಂದೆ ಎದ್ದ ಪಿಜಿ, ಎದುರಿನ ಅಪಾರ್ಟ್‌ಮೆಂಟು, ಖಾಲಿ ಸೈಟಿನ ತಗಡಿನ ಶೆಡ್ಡು ಒಟ್ಟಿಗೇ ಬರುತ್ತವೆ. ಮತದಾರರ ಪಟ್ಟಿಯಲ್ಲಿ ಹೆಸರಿರುವುದು ಹೆಚ್ಚಾಗಿ ಮೊದಲನೆಯವರದು, ಅಪಾರ್ಟ್‌ಮೆಂಟಿನವರಲ್ಲಿ ಅರ್ಧಂಬರ್ಧ. ಪಿಜಿ ಹುಡುಗರದು, ಶೆಡ್ಡಿನವರದು ತಮ್ಮ ತಮ್ಮ ಊರಿನ ಪಟ್ಟಿಯಲ್ಲಿ. ಪಾಲಿಕೆಯ ಚುನಾವಣೆಗೆ ಮುನ್ನ ಆ ಹೆಸರುಗಳನ್ನು ಇಲ್ಲಿ ಬರೆಸುವ ಕೆಲಸ ಶುರುವಾಗಬೇಕು. ಬಾಡಿಗೆ ಕರಾರು ಕೊಡದ ಮಾಲೀಕನ ಮನೆಯಲ್ಲಿರುವವನಿಗೂ ಅರ್ಜಿ ತುಂಬಿಸಿಕೊಡಬಲ್ಲ ವಾರ್ಡ್ ಕಚೇರಿ ಇರಬೇಕು, ಅಲ್ಲಿ ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲಿ, ಕನ್ನಡ ಬಾರದವರಿಗೆ ತಾಳ್ಮೆಯಿಂದ ಉತ್ತರ ಕೊಡುವವರು ಕೂತಿರಬೇಕು.